ಹರಳುಗಟ್ಟುವುದು: ಇದರಲ್ಲಿ 'ಗಟ್ಟಿ' ಎಲ್ಲಿದೆ?

ಮೊನ್ನೆ ಚಿಕ್ಕಬಳ್ಳಾಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪರೀಕ್ಷೆಗೆ ಓದುವ ಯಾರದೋ ನೋಟ್ಸ್ ಕಣ್ಣಿಗೆ ಬಿತ್ತು. 'ಗೆದ್ದಲಿನ ಕಿಣ್ವವನ್ನು ಹರಳುಗಟ್ಟಿಸಿದರು, ಅಂದರೆ ಗಟ್ಟಿ ಮಾಡಿದರು.' (ಕಿಣ್ವ ಅಂದರೆ ಎನ್‌ಜೈಮ್, ಜೀವಿಗಳ ಮೈಯೊಳಗೆ ರಾಸಾಯನಿಕ ಕ್ರಿಯೆಗಳನ್ನು ಚುರುಕಾಗಿಸುವ ವಸ್ತು. ಹರಳು ಅಂದರೆ ಇಲ್ಲಿ ಕ್ರಿಸ್ಟಲ್.) ಹಿಂದೊಮ್ಮೆ ಇದನ್ನೇ 'ಹೆಪ್ಪುಗಟ್ಟಿಸಿದರು' ಅಂತಲೂ ಓದಿದ್ದೆ. ಸಾಕಾಗಿದೆ.

ಎಡವಟ್ಟಾಗುವುದು 'ಗಟ್ಟು' ಹತ್ತಿರ. ಅದು ಗಟ್ಟಿ ಅಲ್ಲ, ಕಟ್ಟು. ಹರಳು, ಕಟ್ಟು ಸೇರಿ ಕಕಾರ ಗಕಾರವಾಗಿದೆ, ಅಷ್ಟೇ. ಇರುವೆ ಸಾಲುಗಟ್ಟಿದವು ಅಂದರೆ ಇರುವೆ ಗಟ್ಟಿಯಾದವು ಅಂತ ಯಾರಾದರೂ ಅಂದುಕೊಳ್ತಾರಾ? ಹಾಲು ಕೆನೆಗಟ್ಟುತ್ತದೆ, ತೊಟ್ಟಿ ಪಾಚಿಗಟ್ಟುತ್ತದೆ, ಜನ ಗುಂಪುಗಟ್ಟುತ್ತಾರೆ. ಎಲ್ಲೂ ಗಟ್ಟಿಯ ಮಾತಿಲ್ಲ. ಇನ್ನು 'ಹರಳು'. ಹಳಗನ್ನಡದಲ್ಲಿ ಪರಲ್. ಪಾಲ್ ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಇದೂ ಹರಳಾಯಿತು. ತಮಿಳಿನಲ್ಲಿ ಈಗಲೂ ಪರಲ್ ಅಂದರೆ ಸಣ್ಣ ಕಲ್ಲು, ಬೀಜ. ನಮಗೆ ಉಂಗುರದಲ್ಲಿರುವುದೂ ಹರಳು, ಔಡಲದ ಬೀಜವೂ ಹರಳು. ಹರಳೆಣ್ಣೆ ಯಾವುದರದ್ದು ಅಂತ ಹೇಳಬೇಕಿಲ್ಲ ಅಲ್ವಾ.

ವಿಜ್ಞಾನದ ಅರ್ಥಕ್ಕೆ ಹತ್ತಿರ ಬರುವುದು ಸಾಲುಗಟ್ಟುವುದೇ. ಒಂದೇ ಬಗೆಯ ಕೋಟಿಗಟ್ಟಲೆ ಅಣುಗಳು ಒಂದೇ ಭಂಗಿಯಲ್ಲಿ, ಒಂದೇ ಅಂತರದಲ್ಲಿ, ಎಲ್ಲ ದಿಕ್ಕಿಗೂ ಸಾಲು ನಿಲ್ಲಬೇಕು. ಕಿಣ್ವವೂ ಒಂದು ಪ್ರೋಟೀನು. ಪ್ರೋಟೀನು ಗಟ್ಟಿಯಾಗುವುದನ್ನು ನೋಡಬೇಕಾದರೆ ಮೊಟ್ಟೆ ಬೇಯಿಸಿ. ಬಿಳಿ ಭಾಗ ಗಟ್ಟಿಯಾಗುತ್ತದೆ, ಆದರೆ ಒಳಗೆಲ್ಲ ಸಿಕ್ಕು. ಮೊಸರೂ ಹಾಗೇ. ಸಿಕ್ಕಿಗೂ ಸಾಲಿಗೂ ಎಲ್ಲಿಯ ಹೋಲಿಕೆ?

ಕಿಣ್ವದ ಹರಳು ಗಟ್ಟಿಯೂ ಅಲ್ಲ. ಸಾಮಾನ್ಯವಾಗಿ ಅದರಲ್ಲಿ ಅರ್ಧದಷ್ಟು ನೀರೇ. ಸೂಜಿ ತಾಗಿದರೆ ಪುಡಿ, ಗಾಳಿಗೆ ಒಣಗಿದರೆ ಬಿರುಕು. ಅದನ್ನು ಬೆಳೆಸುವ ಒಂದು ರೀತಿ ಹೀಗೆ: ಗಾಜಿನ ಚೂರಿಗೆ ಕಿಣ್ವದ ಹನಿ ತೂಗುಬಿಟ್ಟು, ಕೆಳಗೆ ಉಪ್ಪಿನ ದ್ರಾವಣ ಇಟ್ಟು ಮುಚ್ಚುತ್ತಾರೆ. ಹನಿಯ ನೀರು ನಿಧಾನವಾಗಿ ಆರುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಒಡೆದ ಹಾಲಿನಂಥ ಗಸಿ. (ಇಲ್ಲೂ 'ಗಟ್ಟಲೆ' ಬಂತು. ಅದನ್ನೂ ಗಟ್ಟಿ ಅನ್ನಬೇಡಿ!)

ಮೊದಲು ಹರಳಾದ ಕಿಣ್ವ ಯೂರಿಯಾವನ್ನು ಒಡೆಯುವ ಯೂರಿಯೇಸ್. 1926ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಸಮ್ನರ್ ಅದನ್ನು ಜ್ಯಾಕ್ ಬೀನ್‌ನಿಂದ ತೆಗೆದರು. ನಮ್ಮ ಅವರೆಯ ನೆಂಟ ಅದು. 1946ರಲ್ಲಿ ಸಮ್ನರ್‌ಗೆ ನೊಬೆಲ್ ಬಂತು. ಗೆದ್ದಲಿನ ಸರದಿ ತುಂಬಾ ತಡ. ಸೌದೆ, ಹುಲ್ಲಿನ ನಾರಿನಂಶವಾದ ಸೆಲ್ಯುಲೋಸನ್ನು ಕರಗಿಸುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಅಂತ ಬಹಳ ಕಾಲ ನಂಬಿದ್ದರು. ಅದನ್ನು ಕರಗಿಸುವ ಕಿಣ್ವ ಗೆದ್ದಲಿಗೆ ಸ್ವಂತದ್ದೂ ಇದೆ ಅಂತ 1998ರಲ್ಲಿ ಖಚಿತವಾಯಿತು. ಅಂಥದ್ದೊಂದು ಕಿಣ್ವದ ಹರಳಿಗೆ ಎಕ್ಸ್-ರೇ ಹಾಯಿಸಿ ತಿಳಿದ ರಚನೆ 2002ರಲ್ಲಿ ಪ್ರಕಟವಾಯಿತು. ಅಣುಗಳು ಸಾಲಾಗಿ ನಿಂತಿದ್ದರೆ ಮಾತ್ರ ಎಕ್ಸ್-ರೇ ಚುಕ್ಕಿಗಳ ಗುರುತು ಬಿಡುತ್ತದೆ. ಸುಮ್ನೆ ಗಟ್ಟಿ ಮಾಡಿದ್ದರೆ ಆ ಚುಕ್ಕಿಗಳೇ ಕಾಣುತ್ತಿರಲಿಲ್ಲ.

ಪೆನ್ನು ತೆಗೆದು 'ಗಟ್ಟಿ' ಹೊಡೆದುಹಾಕೋಣ ಅನ್ನಿಸಿತು. ಅಷ್ಟರಲ್ಲಿ ನಲವತ್ತು ಕಾಪಿ ಆಗಿಹೋಗಿತ್ತು.