ಹಲವು ಶೈಲಿಗಳಲ್ಲಿ ಚಿತ್ರಿಸುವ ಹೈಟಿಯ ಯುವ ಕಲಾವಿದನಿಗೆ ಸ್ವಂತ ಶೈಲಿ ಇಲ್ಲವೇ?

ಓದುಗರ ಪ್ರಶ್ನೆ: ಹೈಟಿಯ ಯುವ ಚಿತ್ರಕಾರರೊಬ್ಬರ ಕೃತಿಗಳಲ್ಲಿ ಒಂದು ಅಮೂರ್ತವಾಗಿಯೂ ಇನ್ನೊಂದು ಜಾನಪದ ಚಿತ್ರದಂತೆಯೂ ಮತ್ತೊಂದು ಕಾಮಿಕ್ಸ್ ಪುಟದಂತೆಯೂ ಕಾಣುತ್ತವೆ. ಅವರಿಗೆ ಸ್ವಂತ ಶೈಲಿ ಇನ್ನೂ ಕೈಗೂಡಿಲ್ಲವೆಂದು ತಿಳಿಯಬೇಕೇ?

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಹೈಟಿಯ ಮಟ್ಟಿಗೆ, ಕಲಾವಿದನೆಂದರೆ ಒಂದೇ ಬಗೆಯಲ್ಲಿ ಬರೆಯುವವನು ಎಂಬ ನಿರೀಕ್ಷೆ ಬಹುಪಾಲು ಚಿತ್ರ ಕೊಳ್ಳಲು ಹೊರಗಿನಿಂದ ಬಂದವರದು.

ಅಮೆರಿಕದ ಜಲವರ್ಣ ಕಲಾವಿದ ಡಿವಿಟ್ ಪೀಟರ್ಸ್ ಮುಂದಾಳತ್ವದಲ್ಲಿ 1944ರಲ್ಲಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ‘ಸಾಂತ್ರ್ ದಾರ್’ ಎಂಬ ಕಲಾಕೇಂದ್ರ ಆರಂಭವಾಯಿತು. ಹೈಟಿಯ ಜನಪದ ಧರ್ಮವಾದ ವೊಡೂವಿನ ಪೂಜಾರಿಯಾಗಿದ್ದ ಎಕ್ತೋರ್ ಇಪೊಲಿತ್, ದೇಶದ ಇತಿಹಾಸವನ್ನು ಚಿತ್ರಿಸುತ್ತಿದ್ದ ಫಿಲೊಮೆ ಓಬ್ಯಾಂ ಮೊದಲಾದವರು ಅಲ್ಲಿಂದ ಹೊರಜಗತ್ತಿಗೆ ಪರಿಚಿತರಾದರು. ಅಲ್ಲಿಗೆ ಭೇಟಿಯಿತ್ತ ಫ್ರಾನ್ಸಿನ ಕವಿ ಆಂದ್ರೆ ಬ್ರೆತಾನ್ ಇಪೊಲಿತ್ ಅವರ ಚಿತ್ರಗಳನ್ನು ಕೊಂಡರು. ಆದರೆ ಈ ಮೆಚ್ಚುಗೆಯೊಂದಿಗೇ ಹೈಟಿಯ ಕಲೆಯೆಂದರೆ ‘ಮುಗ್ಧ ಕಲೆ’, ಅಂದರೆ ಕಲಾಶಿಕ್ಷಣವಿಲ್ಲದವರ ಸರಳ ಕಲೆ, ಎಂಬ ಹಣೆಪಟ್ಟಿಯೂ ಅಂಟಿಕೊಂಡಿತು. ಅದನ್ನು ಒಪ್ಪದ ಕಲಾವಿದರ ಒಂದು ಗುಂಪು 1950ರಲ್ಲಿ ಕೇಂದ್ರದಿಂದ ಹೊರಬಂದು ತನ್ನದೇ ಸಂಸ್ಥೆಯನ್ನು ಕಟ್ಟಿಕೊಂಡಿತು.

ಈ ಹಿನ್ನೆಲೆಯಲ್ಲಿ ಹೈಟಿಯ ಚಿತ್ರಕಾರ ಎರ್ವೇ ತೆಲೆಮಾಕ್ ಅವರ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 1937ರಲ್ಲಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಹುಟ್ಟಿದ ಅವರು, ಮುಂದೆ ಸರ್ವಾಧಿಕಾರಿಯಾದ ಫ್ರಾಂಸ್ವಾ ದುವಾಲಿಯೇ ಹೈಟಿಯಲ್ಲಿ ಅಧಿಕಾರಕ್ಕೆ ಬಂದ 1957ರಲ್ಲೇ, ಇಪ್ಪತ್ತರ ಹರೆಯದಲ್ಲಿ ನ್ಯೂಯಾರ್ಕಿಗೆ ಹೋಗಿ ಕಲಾಶಿಕ್ಷಣ ಪಡೆದರು. ಆ ನಗರದಲ್ಲಿ ಆಗ ಅಮೂರ್ತ ಅಭಿವ್ಯಕ್ತಿವಾದದ ಅಬ್ಬರವಿತ್ತು. ಅವರ ಆರಂಭದ ಚಿತ್ರಗಳಲ್ಲಿಯೂ ಬೀಸು ಕುಂಚದ ಆ ರಭಸವೇ ಕಾಣುತ್ತದೆ. 1961ರಲ್ಲಿ ಪ್ಯಾರಿಸ್ಸಿಗೆ ಬಂದು ಕನಸು ಮತ್ತು ಸುಪ್ತ ಮನಸ್ಸಿನಿಂದ ಕಲೆಯನ್ನು ಕಟ್ಟುವ ಅತಿವಾಸ್ತವವಾದಿಗಳ ಒಡನಾಟ ಬೆಳೆಸಿದ ಮೇಲೆ ಅವರ ಚಿತ್ರಪಟದೊಳಕ್ಕೆ ಜಾಹೀರಾತುಗಳೂ ಅಕ್ಷರಗಳೂ ಬಳಕೆಯ ವಸ್ತುಗಳೂ ನುಗ್ಗಿದವು. 1963ರ ‘ಮೈ ಡಾರ್ಲಿಂಗ್ ಕ್ಲೆಮೆಂಟೈನ್’ ಕೃತಿಯಲ್ಲಿ ತೈಲವರ್ಣದ ಜೊತೆಗೆ ಅಂಟಿಸಿದ ಕಾಗದ, ಬಣ್ಣ ಬಳಿದ ಮರದ ಪೆಟ್ಟಿಗೆ, ರಬ್ಬರ್ ಗೊಂಬೆಗಳಿವೆ. ಮರುವರ್ಷ ಗೆಳೆಯರೊಂದಿಗೆ ಸೇರಿ ಅವರು ಪ್ಯಾರಿಸ್ಸಿನಲ್ಲಿ ಏರ್ಪಡಿಸಿದ ‘ದಿನನಿತ್ಯದ ಪುರಾಣಗಳು’ ಎಂಬ ಪ್ರದರ್ಶನದಿಂದಲೇ ದಿನನಿತ್ಯದ ಬದುಕಿನ ಚಿತ್ರಗಳಿಂದ ಕಥೆ ಹೇಳುವ ‘ಕಥನಾತ್ಮಕ ಚಿತ್ರಣ’ದ ಪಂಥ ಗುರುತಿಗೆ ಬಂತು. ಹೊಸ ಪಂಥವೊಂದರ ಮುಂಚೂಣಿಯಲ್ಲಿದ್ದವರು ಅದರಲ್ಲೇ ನೆಲೆಯೂರಬಹುದಿತ್ತಲ್ಲವೇ? ಅವರು ಹಾಗೆ ಮಾಡಲಿಲ್ಲ. ದಶಕದ ನಡುವಿನಲ್ಲಿ ಕಾಮಿಕ್ಸ್‌ನಂಥ ಸ್ಪಷ್ಟ ಗೆರೆ ಮತ್ತು ಸಪಾಟು ಬಣ್ಣಗಳಿಗೆ ಹೊರಳಿದರು. ದಶಕದ ಕೊನೆಗೆ ಕುಂಚವನ್ನೇ ಬದಿಗಿಟ್ಟು ವಸ್ತುಗಳನ್ನು ಜೋಡಿಸಿ ಶಿಲ್ಪ ಮಾಡಿದರು. ಆಮೇಲೆ ಮತ್ತೆ ಚಿತ್ರಕ್ಕೆ ಮರಳಿದರು.

ಆದರೂ ಇವನ್ನೆಲ್ಲ ಸಾಲಾಗಿಟ್ಟು ನೋಡಿದಾಗ, ಕುರುಡರ ಬಿಳಿ ಕೋಲು, ಡೇರೆ, ಕುದುರೆಯ ಜೀನು, ಸೀಟಿ ಮುಂತಾದ ಕೆಲವೇ ವಸ್ತುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬಿಟ್ಟುಬಂದ ಊರು, ವಸಾಹತುಶಾಹಿಯ ನೆನಪು, ಕಪ್ಪು ಮೈಬಣ್ಣದವರ ಬಗ್ಗೆ ಜಾಹೀರಾತುಗಳು ಕಟ್ಟಿಕೊಟ್ಟ ಚಿತ್ರ ಇವು ಅವರನ್ನು ಬಿಡದೆ ಕಾಡಿದವು. ನನ್ನ ಅಭಿಪ್ರಾಯದಲ್ಲಿ ಕಲಾವಿದನ ಗುರುತನ್ನು ಕುಂಚ ಆಡಿಸುವ ರೀತಿಗಿಂತ ಇಂಥ ಕಾಡುವಿಕೆಯಲ್ಲಿ ಹುಡುಕುವುದು ಮೇಲು. ಹಾಗೆಂದು ಶೈಲಿ ಬದಲಾದಾಗಲೆಲ್ಲ ಅದರಲ್ಲಿ ಆಳವಿದೆಯೆಂದು ನಾನು ಹೇಳುತ್ತಿಲ್ಲ. ಗಿರಾಕಿ ಕೇಳಿದ್ದನ್ನು ಕೇಳಿದಂತೆ ಬರೆದುಕೊಡುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆದ್ದರಿಂದ ನೀವು ನೋಡಿದ ಯುವ ಚಿತ್ರಕಾರರ ಹತ್ತಾರು ಕೃತಿಗಳನ್ನು ಒಟ್ಟಿಗೆ ಇಟ್ಟು, ಶೈಲಿ ಬದಲಾದರೂ ಯಾವ ವಸ್ತು, ಯಾವ ಜಾಗ, ಯಾವ ಭಂಗಿ ಮರಳಿ ಬರುತ್ತಿದೆಯೆಂದು ಗಮನಿಸಿ.

2022ರಲ್ಲಿ ತೀರಿಕೊಂಡ ತೆಲೆಮಾಕ್, 1990ರ ದಶಕದಲ್ಲಿ ಬಣ್ಣದ ಬದಲು ಸೋಸಿ ಉಳಿದ ಕಾಫಿ ಚರಟವನ್ನು ಬಳಸಿ ಕೃತಿಗಳನ್ನು ರಚಿಸಿದ್ದರು. ಮೇಲ್ನೋಟಕ್ಕೆ ಅದು ಇನ್ನೊಂದು ಹೊಸ ಶೈಲಿ. ಆದರೆ ಹೈಟಿ ಫ್ರೆಂಚರ ವಸಾಹತಾಗಿದ್ದಾಗ ಅಲ್ಲಿಯ ಗುಡ್ಡಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರಿಂದ ಬೆಳೆಸುತ್ತಿದ್ದ ಬೆಳೆಯೂ ಕಾಫಿಯೇ.