ಫಾಯಿಲ್ ಸುತ್ತಿದರೆ ಗುಂಯ್ ಸದ್ದು ನಿಲ್ಲುವುದಿಲ್ಲ

ಆಂಪ್ಲಿಫೈಯರ್ ರಿಪೇರಿಗೆ ಬಂದಾಗ ಮುಚ್ಚಳ ಬಿಚ್ಚಿದರೆ, ಮೇನ್ಸ್ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಮೈತುಂಬ ಅಲ್ಯೂಮಿನಿಯಂ ಫಾಯಿಲ್ ಹೊದ್ದು ಕೂತಿರುತ್ತದೆ. "ಗುಂಯ್ ಅಂತಿತ್ತು ಸಾರ್, ಅದಕ್ಕೇ ಶೀಲ್ಡ್ ಮಾಡಿದೆ." ನಿಂತಿತಾ? "ಸ್ವಲ್ಪ ಕಮ್ಮಿ ಆಯ್ತು ಅನ್ಸುತ್ತೆ." ಕಮ್ಮಿ ಆಗಿರುವುದಿಲ್ಲ. ಆಗಿದ್ದರೆ ನನ್ನ ಹತ್ತಿರ ಯಾಕೆ ತರುತ್ತಿದ್ದರು?

ಫೋನಿಗೆ ಫಾಯಿಲ್ ಸುತ್ತಿದರೆ ಸಿಗ್ನಲ್ ಹೋಗುತ್ತದಲ್ಲ, ಇದಕ್ಕೆ ಯಾಕೆ ಆಗಲ್ಲ ಎಂದು ವಾದ ಮಾಡುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆಯೇ. ಫೋನಿನ ಅಲೆ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಯುತ್ತದೆ. ಅಂಥದ್ದಕ್ಕೆ ತೆಳು ಲೋಹವೂ ಗೋಡೆಯೇ. ಟ್ರಾನ್ಸ್‌ಫಾರ್ಮರಿನಿಂದ ಸೋರುವ ಕಾಂತಕ್ಷೇತ್ರ ಏರಿಳಿಯುವುದು ಸೆಕೆಂಡಿಗೆ 50 ಅಥವಾ 60 ಸಲ, ಅಷ್ಟೇ. ಇಷ್ಟು ನಿಧಾನದ ಕ್ಷೇತ್ರವನ್ನು ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಸಬೇಕಾದರೂ ಸುಮಾರು 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬೇಕು. ತಾಮ್ರವಾದರೆ 9. ಫಾಯಿಲ್ ದಪ್ಪ 0.02 ಮಿಲಿಮೀಟರ್ ಹತ್ತಿರ. ಸೊಳ್ಳೆ ಪರದೆ ಕಟ್ಟಿ ಹೊಗೆ ತಡೆಯಲು ಹೊರಟ ಹಾಗೆ. ನಾಲ್ಕು ಸುತ್ತು ಜಾಸ್ತಿ ಹಾಕಿದರೂ ಅಷ್ಟೇ, ಅರ್ಥ್ ಮಾಡಿದರೂ ಅಷ್ಟೇ. ಫಾಯಿಲ್ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ನಿಮ್ಮ ತೊಂದರೆ ಕಾಂತಕ್ಷೇತ್ರದ್ದು.

ಹಾಗಾದರೆ ಏನು ಮಾಡಬೇಕು? ಟ್ರಾನ್ಸ್‌ಫಾರ್ಮರನ್ನು ಸಿಗ್ನಲ್ ಭಾಗದಿಂದ ದೂರ ಇಡಿ. ಇದನ್ನು ಹೇಳಿದಾಗ ಜನರ ಮುಖ ಬಾಡುತ್ತದೆ. ಏನೋ ಖರೀದಿ ಮಾಡಲು ಹೇಳುತ್ತೇನೆ ಅಂದುಕೊಂಡಿರುತ್ತಾರೆ. ಸೋರುವ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಕ್ಷೇತ್ರ ಅಂದಾಜು 8ರಲ್ಲಿ ಒಂದು ಭಾಗ. ಟ್ರಾನ್ಸ್‌ಫಾರ್ಮರಿಗೆ ತೀರಾ ಅಂಟಿಕೊಂಡ ಜಾಗದಲ್ಲಿ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ, ಆದರೂ ದಾರಿ ಅದೇ.

ಪೆಟ್ಟಿಗೆಯಲ್ಲಿ ಜಾಗ ಇಲ್ಲ ಅಂದರೆ ಟ್ರಾನ್ಸ್‌ಫಾರ್ಮರನ್ನೇ ತಿರುಗಿಸಿ. ನಿವೃತ್ತ ಮೇಷ್ಟ್ರೊಬ್ಬರು ತಾವೇ ಕಟ್ಟಿದ ಪ್ರಿಆಂಪ್ (ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಪೆಟ್ಟಿಗೆ) ತಂದಿದ್ದರು. ಕಾಂತಕ್ಷೇತ್ರ ತಡೆಯುವ ಮಿಶ್ರಲೋಹವಾದ ಮ್ಯೂ-ಮೆಟಲ್‌ನ ಹಾಳೆ ತರಿಸಿ, ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿ, ಚಂದದ ಡಬ್ಬಿ ಮಾಡಿ ಮುಚ್ಚಿದ್ದರು. ಕೈಕೆಲಸ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಆದರೆ ಆ ಲೋಹವನ್ನು ಬಡಿದರೆ, ಬಗ್ಗಿಸಿದರೆ ಅದರ ಗುಣವೇ ಇಳಿದುಹೋಗುತ್ತದೆ. ಮತ್ತೆ ಬರಬೇಕೆಂದರೆ ಕುಲುಮೆಯಲ್ಲಿಟ್ಟು ಹದ ಮಾಡಬೇಕು. ನಾನು ಇನ್‌ಪುಟ್ ಶಾರ್ಟ್ ಮಾಡಿ (ಹೊರಗಿನ ಸಿಗ್ನಲ್ ಬರದಂತೆ ಅದರ ಎರಡೂ ತುದಿ ಸೇರಿಸಿ), ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಬಿಚ್ಚಿ, ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ಸದ್ದು ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಮತ್ತೆ ಏರಿತು. ಇಳಿದ ಕಡೆ ಪೆನ್ಸಿಲ್ ಗುರುತು ಹಾಕಿ ಹೊಸ ತೂತು ಕೊರೆದೆವು. ಮೇಷ್ಟ್ರಿಗೆ ಡಬ್ಬಿ ಬಿಡಲು ಮನಸ್ಸಿಲ್ಲ. ಇರಲಿ ಬಿಡಿ ಅಂದೆ.

ಇದನ್ನು ಮನೆಯಲ್ಲಿ ಮಾಡುವವರು ಪ್ರತಿ ಸಲ ಪ್ಲಗ್ ತೆಗೆದು, ತಿರುಗಿಸಿ, ಮತ್ತೆ ಹಾಕಿ ಕೇಳಿ. ಮೇನ್ಸ್ ಟರ್ಮಿನಲ್ ಬರಿದಾಗಿದ್ದರೆ ಬಲ್ಲವರಿಗೇ ಬಿಡಿ.

ಇನ್ನೊಂದು ಕಡೆಯೂ ಗಮನ ಕೊಡಿ. ಕಾಂತಕ್ಷೇತ್ರ ಸದ್ದಾಗುವುದು ತಂತಿಯ ಸುತ್ತು ಸಿಕ್ಕಾಗ. ಸಿಗ್ನಲ್ ತಂತಿ ಈ ಗೋಡೆಯ ಪಕ್ಕ, ಅದರ ಗ್ರೌಂಡ್ (ವಾಪಸ್ ಬರುವ ತಂತಿ) ಆ ಗೋಡೆಯ ಪಕ್ಕ ಹೋದರೆ ನಡುವೆ ದೊಡ್ಡ ಬಾಗಿಲು ತೆರೆದಿಟ್ಟಂತೆಯೇ ಅಲ್ವಾ? ಎರಡನ್ನೂ ಹೆಣೆದು ಒಟ್ಟಿಗೆ ಒಯ್ಯಿರಿ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ, ಅಂದರೆ ಔಟ್‌ಪುಟ್, ತಂತಿಗಳನ್ನೂ ಹೆಣೆಯಿರಿ.

ಎಲ್ಲ ಗುಂಯ್ ಸದ್ದೂ ಕಾಂತಕ್ಷೇತ್ರದ್ದಲ್ಲ. 50 ಹರ್ಟ್ಸ್ ಮೇನ್ಸ್ ಇರುವ ಕಡೆ, ಮೆತ್ತಗಿನ 50 ಹರ್ಟ್ಸ್ ಹಮ್ ಆದರೆ ಕಾಂತಕ್ಷೇತ್ರವೋ ಗ್ರೌಂಡ್ ಲೂಪೋ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು) ಇರಬಹುದು. ಒರಟಾಗಿ ಝರ್ ಅನ್ನುವ 100 ಹರ್ಟ್ಸ್ ಆದರೆ ಹೆಚ್ಚಾಗಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕಡೆಯದು. ಸೆಂಟರ್ ಟ್ಯಾಪ್ (ಸೆಕೆಂಡರಿಯ ನಡುವಿನಿಂದ ಬರುವ ತಂತಿ) ಮೊದಲು ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗಳಿಗೆ ಸೇರಲಿ, ಆ ಜಾಗದಿಂದ ಒಂದೇ ತಂತಿ ಸಿಗ್ನಲ್ ಗ್ರೌಂಡಿಗೆ ಹೋಗಲಿ. ಸ್ಪೀಕರ್‌ನಲ್ಲಿ ಏನೂ ಇಲ್ಲದೆ ಪೆಟ್ಟಿಗೆಯೇ ಗುನುಗುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣದ ಕೋರ್ ಅದುರುವ ಸದ್ದು, ರಬ್ಬರ್ ವಾಷರ್ ಹಾಕಿ ನೋಡಿ. ಗ್ರೌಂಡ್ ಲೂಪ್ ಅಂತ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಸದ್ದು ಹೋಗಬಹುದು, ನಾಳೆ ಒಳಗೆ ಇನ್ಸುಲೇಷನ್ ಕೆಟ್ಟರೆ ಪೆಟ್ಟಿಗೆಯ ಮೈಯೆಲ್ಲ ಕರೆಂಟ್.

ಇಷ್ಟೆಲ್ಲ ಯಾಕೆ, ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಹಾಕಿದರೆ ಮುಗೀತಲ್ಲ ಅನ್ನುತ್ತೀರಿ. ಸೋರಿಕೆ ಕಮ್ಮಿ, ನಿಜ. ಪೂರ್ತಿ ಇಲ್ಲ ಅಂತಲ್ಲ. ತಂತಿಗಳು ಹೊರಬರುವ ಬದಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ಆ ಬದಿಯನ್ನು ಬೋರ್ಡಿನಿಂದ ಆಚೆಗೆ ತಿರುಗಿಸಿ. ಮತ್ತೆ, ನಡುವಿನ ಬೋಲ್ಟ್ ಕೆಳಗೆ ಚಾಸಿಗೆ (ಪೆಟ್ಟಿಗೆಯ ಲೋಹದ ತಳಕ್ಕೆ) ಬಿಗಿದಿರುತ್ತದೆ. ಅದರ ತಲೆ ಮೇಲಿನ ಲೋಹದ ಮುಚ್ಚಳಕ್ಕೂ ತಾಗಿದರೆ ಇಡೀ ಪೆಟ್ಟಿಗೆಯೇ ಶಾರ್ಟ್ ಆದ ಒಂದು ಸುತ್ತಾಗುತ್ತದೆ. ಭಾರಿ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ಇಲ್ಲವೇ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಮುಚ್ಚಳ ಹಾಕುವ ಮೊದಲು ಆ ಬೋಲ್ಟಿನ ಮೇಲೆ ಜಾಗ ಇದೆಯಾ ನೋಡಿಕೊಳ್ಳಿ.