ಹಲಗೆ ಗಿಡ್ಡವಾಯಿತು, ಮಾಸ್ತರೇ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗಂಗಾವತಿಯ ನಮ್ಮ ಮನೆಯ ಮುಂದೆ ಟೆಂಪೋ ಟ್ರಾವೆಲರ್ ಒಂದು ಬಂದು ನಿಂತಿತು. ತಂಗಿಯ ಮಗ ಹಳೆಯ ಗಾಡಿ ಕೊಂಡು, ಸೀಟುಗಳನ್ನು ಕಿತ್ತುಹಾಕಿ, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿಕೊಂಡಿದ್ದಾನೆ. ಅಮೆರಿಕದವರು ಇಂಥದ್ದನ್ನು ಆರ್‌ವಿ ಎನ್ನುತ್ತಾರೆ, ನಮ್ಮಲ್ಲಿ ಕ್ಯಾರವಾನ್. ನಮ್ಮ ಓಣಿಯ ಹುಡುಗರು ಒಳಗೆ ಇಣುಕಿ ನೋಡಿ ‘ಮನೆಗಾಡಿ’ ಎಂದು ಹೆಸರಿಟ್ಟರು. ಆನೆಗೊಂದಿ, ಸಣಾಪುರ ಸುತ್ತಿ ಬರುವುದು ಅವನ ಲೆಕ್ಕ. ಜೊತೆಗೆ ರಾಜ: ಒಂಬತ್ತು ವರ್ಷದ ಲ್ಯಾಬ್ರಡಾರ್, ತೂಕ 30 ಕಿಲೋ.

ರಾಜ ಇಳಿಯಲಿಲ್ಲ. ಬಾಗಿಲಿನ ಕೆಳಗೆ ಮಡಚುವ ಕಬ್ಬಿಣದ ಮೆಟ್ಟಿಲು ಇತ್ತು, ನೀರು ನಿಲ್ಲದಿರಲೆಂದು ಜಾಲರಿಯಂತೆ ತೂತು ಬಿಟ್ಟದ್ದು. ಒಂದು ಮುಂಗಾಲನ್ನು ಅದರ ಮೇಲಿಟ್ಟು ಥಟ್ಟನೆ ಹಿಂದೆಗೆದುಕೊಂಡ. ಕೆಳಗೆ ನೋಡಿದ, ನಮ್ಮನ್ನು ನೋಡಿದ, ಕುಳಿತುಬಿಟ್ಟ. ಕೊರಳಪಟ್ಟಿ ಹಿಡಿದು ಎಳೆದರೆ ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿದ. “ಮೊಂಡನಾಗಿದ್ದಾನೆ ಮಾಮಾ,” ಎಂದ ತಂಗಿಯ ಮಗ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದ ನಾನು ಹುಡುಗರ ವಿಷಯದಲ್ಲೂ ಆ ಮಾತನ್ನು ಬೇಗ ಒಪ್ಪಿದವನಲ್ಲ. ಕೈಯ ಹಿಂಬದಿಯನ್ನು ಮೆಟ್ಟಿಲಿಗೆ ತಾಗಿಸಿದೆ. ಎರಡು ಎಣಿಸುವಷ್ಟರಲ್ಲಿ ಕೈ ತಾನಾಗಿಯೇ ಮೇಲೆ ಬಂತು.

ನಮ್ಮ ಕಡೆ ಬೇಸಿಗೆಯಲ್ಲಿ ನೆರಳೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಕಬ್ಬಿಣ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ನಾಯಿಯ ಪಾದದ ಮೆತ್ತೆ ದಪ್ಪ ನಿಜ, ಆದರೆ ಚಪ್ಪಲಿಯಲ್ಲ. ಐದಾರು ಸೆಕೆಂಡು ನಮ್ಮ ಕೈ ತಾಳದ ಜಾಗದಲ್ಲಿ ಅದರ ಕಾಲೂ ತಾಳುವುದಿಲ್ಲ. ಹಾಗೆಂದು ಗಾಡಿಯೊಳಗೆ ಬಿಡುವಂತೆಯೂ ಇಲ್ಲ. ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿ ಹತ್ತು ನಿಮಿಷಕ್ಕೇ ಹಬೆಯ ಪಾತ್ರೆಯಾಗುತ್ತದೆ, ಮೈ ತಣಿಸಿಕೊಳ್ಳಲು ನಾಯಿಗಿರುವ ಉಪಾಯವೋ ಹೆಚ್ಚುಕಡಿಮೆ ಏದುವುದೊಂದೇ. ಗಾಡಿಯನ್ನು ಹಿಂದೆ ತಂದು ಬೇವಿನ ಮರದ ನೆರಳಿಗೆ ಹಾಕಿಸಿ, ಮೆಟ್ಟಿಲಿಗೆ ಎರಡು ಕೊಡ ನೀರು ಸುರಿದೆವು.

ಆಗಲೂ ಇಳಿಯಲಿಲ್ಲ. ಕಬ್ಬಿಣ ತಣ್ಣಗಿತ್ತು, ಆದರೆ ತೂತುಗಳ ಮೂಲಕ ನೆಲ ಕಾಣುತ್ತಿತ್ತು. ಇಲ್ಲಿ ನನಗೆ 1960ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಪ್ರಕಟಿಸಿದ ಪ್ರಯೋಗ ನೆನಪಾಯಿತು. ಒಂದು ದೊಡ್ಡ ಮೇಜು, ಅದರ ಮೇಲೆ ಗಟ್ಟಿ ಗಾಜು. ಅರ್ಧ ಭಾಗದಲ್ಲಿ ಗಾಜಿನ ಅಡಿಗೇ ಚೌಕಳಿ ಬಟ್ಟೆ, ಉಳಿದರ್ಧದಲ್ಲಿ ಅದೇ ಬಟ್ಟೆ ಕೆಳಗೆ ನೆಲದ ಮೇಲೆ. ಹುಟ್ಟಿ ಒಂದೇ ದಿನವಾದ ಮೇಕೆಮರಿ, ಕುರಿಮರಿಗಳು ಕೂಡ ಆಳ ಕಾಣುವ ಕಡೆ ಕಾಲಿಡಲಿಲ್ಲ. ಗಾಜು ಗಟ್ಟಿಯಾಗಿದೆ ಎಂದು ಕಾಲು ಹೇಳಿದರೂ ಕಣ್ಣು ಒಪ್ಪಲಿಲ್ಲ. ನಮ್ಮ ಕಡೆಯ ಕುರಿಗಾರರಿಗೆ ಹೇಳಿದರೆ ಇದಕ್ಕೆ ಗಾಜು ಏಕೆ ಬೇಕಿತ್ತು ಎಂದು ನಕ್ಕಾರು. ಜಾಲರಿ ಮೆಟ್ಟಿಲಲ್ಲಿ ಇನ್ನೊಂದು ಕಂಟಕವೂ ಇದೆ: ಉಗುರು ತೂತಿಗೆ ಸಿಕ್ಕಿ ಕಿತ್ತುಬರಬಹುದು. ಹಳೆಯ ಚಾಪೆಯ ತುಂಡೊಂದನ್ನು ಅದರ ಮೇಲೆ ಬಿಗಿದು ಕಟ್ಟಿದರೆ ಎರಡಕ್ಕೂ ಮದ್ದು.

ನಾವು ಚಾಪೆ ಹುಡುಕುವ ಮೊದಲೇ ತಂಗಿಯ ಮಗ ಬಿಸ್ಕತ್ತು ತೋರಿಸಿ, “ಹಾರು, ಹಾರು” ಎಂದ. ಬೇಡ ಎಂದು ನಾನು ಕೂಗಿಕೊಂಡೆ. ಗಾಡಿಯ ನೆಲ ಭೂಮಿಯಿಂದ 75 ಸೆಂಟಿಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಬಿದ್ದ ಯಾವ ವಸ್ತುವೂ ನೆಲ ಮುಟ್ಟುವಾಗ ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗವನ್ನು ಕಾಲು ಮಡಿಸಿ 15 ಸೆಂಟಿಮೀಟರಿನೊಳಗೆ ತಡೆಯಬೇಕೆಂದರೆ ಸರಾಸರಿ ಬಲ ತೂಕದ ಆರು ಪಟ್ಟು. 30 ಕಿಲೋ ನಾಯಿಗೆ 180 ಕಿಲೋ ಭಾರ, ಅಂದರೆ ನಮ್ಮ ಊರಿನ 75 ಕಿಲೋದ ಎರಡು ಭತ್ತದ ಚೀಲಕ್ಕಿಂತ ಹೆಚ್ಚು. ಇದು ಕಾಗದದ ಲೆಕ್ಕ. ನಿಜವಾದ ನಾಯಿ ಕಾಲು ಚಾಚಿ, ಬೆನ್ನು ಬಗ್ಗಿಸಿ, ಮೊದಲು ಮುಂಗಾಲು ಆಮೇಲೆ ಹಿಂಗಾಲು ಊರಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಆದರೂ ಮೊದಲ ಪೆಟ್ಟು ಬೀಳುವುದು ಮುಂಗಾಲುಗಳಿಗೇ.

ಆ ಮುಂಗಾಲುಗಳ ರಚನೆಯೇ ವಿಚಿತ್ರ. ನಮ್ಮ ತೋಳನ್ನು ಎದೆಗೂಡಿಗೆ ಕೊರಳೆಲುಬು ಜೋಡಿಸುತ್ತದೆ. ನಾಯಿಗೆ ಕೆಲಸಕ್ಕೆ ಬರುವ ಕೊರಳೆಲುಬೇ ಇಲ್ಲ. ಎರಡು ಹೆಗಲಿನ ನಡುವೆ ಅದರ ಎದೆಗೂಡು ಬರೀ ಮಾಂಸಖಂಡಗಳ ಆಸರೆಯಲ್ಲಿ, ಸೀರೆಯ ಜೋಲಿಯಲ್ಲಿ ಮಲಗಿದ ಕೂಸಿನಂತೆ ತೂಗಾಡುತ್ತಿರುತ್ತದೆ. ಎಳೆ ಪ್ರಾಯದಲ್ಲಿ ಈ ಜೋಲಿ ಒಳ್ಳೆಯ ಸ್ಪ್ರಿಂಗು. ವಯಸ್ಸಾಗಿ, ಮೊಣಕೈ ಸವೆದು, ಮೈ ತುಂಬಿಕೊಂಡ ಮೇಲೆ ಪ್ರತಿ ಜಿಗಿತವೂ ಸಾಲ. ವರ್ಷ ತುಂಬದ ದೊಡ್ಡ ಜಾತಿಯ ಮರಿಗಳಿಗೂ ಜಿಗಿತ ಬೇಡ, ಎಲುಬಿನ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಎತ್ತಿಕೊಳ್ಳುವಾಗಲೂ ಕಂಕುಳಲ್ಲಿ ಕೈಹಾಕಿ ಮಗುವಿನಂತೆ ಎತ್ತಬಾರದು. ಒಂದು ತೋಳು ಎದೆಯ ಮುಂದೆ, ಇನ್ನೊಂದು ತೊಡೆಗಳ ಹಿಂದೆ, ಬೆನ್ನು ಸಮಮಟ್ಟ. ನನ್ನ ಸೊಂಟದ ನೋವಿನ ಕತೆ ಗೊತ್ತಿದ್ದ ತಂಗಿಯ ಮಗ ಈ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ.

ಹಿತ್ತಲಿನಲ್ಲಿ ಐದಡಿಯ ಹಲಗೆಯೊಂದಿತ್ತು, ಬಾಗಿಲಿಗೆ ಒರಗಿಸಿದೆ. ಎದುರಿನ ಅಕ್ಕಿ ಗಿರಣಿಯ ಮುಂದೆ ಚಹಾ ಕುಡಿಯುತ್ತಿದ್ದ ಹಿರಿಯ ಹಮಾಲರೊಬ್ಬರು ಎದ್ದು ಬಂದು ನೋಡಿ, “ಹಲಗೆ ಗಿಡ್ಡವಾಯಿತು, ಮಾಸ್ತರೇ. ಇದರ ಮೇಲೆ ಚೀಲ ಹೊತ್ತು ನಾನೇ ಇಳಿಯುವುದಿಲ್ಲ,” ಎಂದರು.

ಅವರು ಪಾದದಿಂದ ಅಳೆದದ್ದನ್ನು ನಾನು ಆಮೇಲೆ ಪೆನ್ನಿನಿಂದ ಅಳೆದೆ. ಐದಡಿಯ ಹಲಗೆಯನ್ನು 75 ಸೆಂಟಿಮೀಟರಿಗೆ ಒರಗಿಸಿದರೆ ಇಳಿಜಾರು 30 ಡಿಗ್ರಿ. ಸಮನೆಲದಲ್ಲಿ ನಿಂತ ನಾಯಿಯ ತೂಕದಲ್ಲಿ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ. ಮುಂಗಾಲಿಗೂ ಹಿಂಗಾಲಿಗೂ 60 ಸೆಂಟಿಮೀಟರ್ ಅಂತರ, ಗುರುತ್ವಕೇಂದ್ರ, ಅಂದರೆ ಮೈಯ ಭಾರವೆಲ್ಲ ಕೂಡಿದಂತಿರುವ ಬಿಂದು, 40 ಸೆಂಟಿಮೀಟರ್ ಎತ್ತರದಲ್ಲಿ ಎಂದಿಟ್ಟುಕೊಳ್ಳಿ. ಇಂಥ ನಾಯಿ ಮೇಜಿನಂತೆ ಸೆಟೆದುಕೊಂಡು 30 ಡಿಗ್ರಿ ಇಳಿಜಾರಿನಲ್ಲಿ ತಲೆ ಕೆಳಮುಖವಾಗಿ ನಿಂತರೆ ಮುಂಗಾಲಿನ ಪಾಲು 98! ಹಿಂಗಾಲು ಹೆಸರಿಗಷ್ಟೇ ಹಲಗೆಯ ಮೇಲಿದೆ. ಇನ್ನೊಂದಿಷ್ಟು ವಾಲಿದರೆ ಪಲ್ಟಿ. ನಾಯಿಗಳು ಇಳಿಯುವಾಗ ಹಿಂಭಾಗ ಕುಗ್ಗಿಸಿ ಹೊಟ್ಟೆ ಹಲಗೆಗೆ ತಾಗುವಂತೆ ನಡೆಯುವುದು ಇದಕ್ಕೇ: ಗುರುತ್ವಕೇಂದ್ರ ಕೆಳಗಿಳಿದಷ್ಟೂ ಮುಂದಕ್ಕೆ ವಾಲುವುದು ಕಡಿಮೆ. ಹತ್ತುವಾಗ ಇದೇ ತಕ್ಕಡಿ ತಿರುಗಿ, ಹಿಂಗಾಲಿಗೆ 78 ಪಾಲು. ಹಾಗಾಗಿ ಇಳಿಯಲು ಹಿಂಜರಿಯುವ ನಾಯಿಯ ಮೊಣಕೈ, ಹೆಗಲನ್ನೂ ಹತ್ತಲು ಹಿಂಜರಿಯುವ ನಾಯಿಯ ಸೊಂಟ, ಹಿಂಗಾಲಿನ ಮಂಡಿಯನ್ನೂ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹಲಗೆಯ ಉದ್ದ ಎತ್ತರದ ಮೂರು ಪಟ್ಟಾದರೆ ಇಳಿಜಾರು ಇಪ್ಪತ್ತು ಡಿಗ್ರಿಯೊಳಗೆ ಬರುತ್ತದೆ. ಇಳಿಯುವಾಗ ಮುಂಗಾಲಿನ ಪಾಲು 84. ಕೆಳಕ್ಕೆ ಜಾರಿಸುವ ಬಲವೂ ತೂಕದ ಅರ್ಧದಿಂದ ಮೂರನೆಯ ಒಂದಕ್ಕೆ ಇಳಿಯುತ್ತದೆ.

ಹಮಾಲರು ಗಿರಣಿಯಿಂದ ಏಳೂವರೆ ಅಡಿಯ ಹಲಗೆ ತರಿಸಿದರು. ಲಾರಿಗೆ ಚೀಲ ಏರಿಸುವ ಹಲಗೆ, ಗೇಣಿಗೊಂದು ಅಡ್ಡಪಟ್ಟಿ ಹೊಡೆದದ್ದು. ಅದರ ಮೇಲೆ ಗೋಣಿತಟ್ಟು ಬಿಗಿದು, ಕೆಳತುದಿ ಜಾರದಂತೆ ಕಲ್ಲು ಕೊಟ್ಟೆವು. ಎರೆ ಭೂಮಿಯಾಗಿದ್ದರೆ ತುದಿಯ ಕೆಳಗೆ ಚಪ್ಪಡಿಯೂ ಬೇಕು, ಇಲ್ಲವಾದರೆ ಹೂತುಹೋಗುತ್ತದೆ. ಅಂಚಿಗೆ ಕೆಂಪು ಬಣ್ಣ ಬಳಿಯುತ್ತೇನೆಂದ ತಂಗಿಯ ಮಗನನ್ನು ತಡೆದೆ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ. ಕೆಂಪು ಮಂಕು ಕಂದಾಗಿ ಗೋಣಿಯೊಳಗೇ ಕರಗುತ್ತದೆ.

ಇಷ್ಟಾದ ಮೇಲೂ ನಾಯಿಯನ್ನು ಸೀದಾ ಹಲಗೆಗೆ ದೂಡುವಂತಿಲ್ಲ. ಆ ಹೊತ್ತಿಗೆ ರಾಜನನ್ನು ಎದೆಗೂ ತೊಡೆಗೂ ತೋಳು ಕೊಟ್ಟು ಎತ್ತಿ ಇಳಿಸಿದ್ದಾಯಿತು. ಹಲಗೆಯನ್ನು ಅಂಗಳದಲ್ಲಿ ಅಂಗಾತ ಹಾಸಿ, ಜೋಳದ ರೊಟ್ಟಿಯ ಚೂರು ಇಟ್ಟು ಮೇಲೆ ನಡೆಸಿದೆವು. ಆಮೇಲೆ ಒಂದು ತುದಿಗೆ ಒಂದು ಇಟ್ಟಿಗೆ, ಸಂಜೆಗೆ ಮೂರು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗಾಡಿಗೆ ಒರಗಿಸಿದಾಗ ರಾಜ ಹತ್ತಿದ. ಇಳಿಯಲು ಇನ್ನೂ ಎರಡು ರೊಟ್ಟಿ ಖರ್ಚಾದವು.

ಗಿರಣಿಯ ಹಲಗೆ ಗಿರಣಿಗೆ ಹಿಂತಿರುಗಬೇಕಿತ್ತು. ಬಡಗಿಯ ಬಳಿ ಅದೇ ಅಳತೆಯದನ್ನು ಮಾಡಿಸಿದರೆ ಮನೆಗಾಡಿಯಲ್ಲಿ ಇಡಲು ಜಾಗವಿಲ್ಲ. ನಡುವೆ ಕತ್ತರಿಸಿ ಕೀಲು ಹಾಕಿಸಿದೆವು, ತೆರೆದಾಗ ಬಾಗದಂತೆ ಕೆಳಬದಿಗೆ ಒಂದು ಕಬ್ಬಿಣದ ಪಟ್ಟಿ. ರಾಜ ಹತ್ತುತ್ತಾ ನಡುವಿಗೆ ಬಂದ, ಕೀಲು ಟಕ್ ಎಂದಿತು, ಅಲ್ಲೇ ನಿಂತ. ಕೀಲಿನ ಸಂದಿಗೆ ಸೈಕಲ್ ಟ್ಯೂಬಿನ ತುಂಡು ತುರುಕಿ ಸದ್ದಡಗಿಸುವಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು. ಸಣಾಪುರ ಮತ್ತೆ ಮರುದಿನಕ್ಕೆ ಹೋಯಿತು.